ಮೆಟ್ರೋ ಗೇಟಿನಲ್ಲಿ ಎನ್‌ಸಿಎಂಸಿ ಕಾರ್ಡ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

2019ರ ಮಾರ್ಚ್‌ನಲ್ಲಿ ದೇಶದಲ್ಲಿ ಬಿಡುಗಡೆಯಾದ ಎನ್‌ಸಿಎಂಸಿ, ಅಂದರೆ ಎಲ್ಲ ಊರಿನ ಮೆಟ್ರೋ, ಬಸ್ಸುಗಳಿಗೂ ಒಂದೇ ಎಂದು ರೂಪಿಸಿದ ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್, ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ 2023ರಲ್ಲಿ ಸಾಮಾನ್ಯ ಪ್ರಯಾಣಿಕರ ಕೈಗೆ ಬಂದಿತು. ಅಂದಿನಿಂದ ಜಯನಗರದಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಎಂ.ಜಿ. ರಸ್ತೆಗೆ ಹೋಗುವ ನನಗೆ ಇದೇ ಕಾರ್ಡು ಟಿಕೆಟಾಗಿದೆ. ಗೇಟಿನ ಬಳಿ ಇದರ ಕೆಲಸದಲ್ಲಿ ಹೇಳಿಕೊಳ್ಳುವಂಥ ಕೊರತೆಯಿಲ್ಲ. ತೊಡಕೆಲ್ಲ ಹಣ ತುಂಬಿಸುವ ಕಡೆಗಿದೆ.

ಕಾರ್ಡಿನೊಳಗೆ ಬ್ಯಾಟರಿ ಇರುವುದಿಲ್ಲ. ಗೇಟಿನ ರೀಡರ್ 13.56 ಮೆಗಾಹರ್ಟ್ಸ್ ಆವರ್ತನದಲ್ಲಿ ಉಂಟುಮಾಡುವ ಕಾಂತಕ್ಷೇತ್ರದಿಂದಲೇ ಒಳಗಿನ ತಂತಿಸುರುಳಿ ವಿದ್ಯುತ್ ಪಡೆದು ಚಿಪ್ಪನ್ನು ಎಚ್ಚರಿಸುತ್ತದೆ, ಮತ್ತು ಈ ಸಂಭಾಷಣೆ ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಮಾತ್ರ ಸಾಧ್ಯ. ಬೆಳಗಿನ ನೂಕುನುಗ್ಗಲಿನಲ್ಲಿ ಹಲವರು ಕಾರ್ಡನ್ನು ರೀಡರ್ ಮೇಲೆ ಸರ್ರನೆ ಸವರಿ ಕೈ ಹಿಂದೆಗೆಯುವುದರಿಂದ ಮಾತು ಅರ್ಧಕ್ಕೇ ತುಂಡಾಗಿ ಗೇಟು ತೆರೆಯುವುದಿಲ್ಲ. ಆಗ ಅವರು ಮತ್ತಷ್ಟು ಜೋರಾಗಿ ಬಡಿಯುತ್ತಾರೆ, ಬಡಿತಕ್ಕೂ ಚಿಪ್ಪಿಗೂ ಯಾವ ಸಂಬಂಧವೂ ಇಲ್ಲದಿದ್ದರೂ. ಪರದೆಯಲ್ಲಿ ಮೊತ್ತ ಕಾಣುವವರೆಗೆ ಅಲುಗಾಡಿಸದೆ ಹಿಡಿದರೆ ಸಾಕು. ಪರ್ಸಿನೊಂದಿಗೇ ಒತ್ತುವವರು ಅದರೊಳಗೆ ಬೇರೆ ಟ್ಯಾಪ್ ಕಾರ್ಡುಗಳಿವೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಎರಡು ಕಾರ್ಡು ಒಟ್ಟಿಗೆ ಉತ್ತರಿಸಿದರೆ ರೀಡರ್ ಎರಡನ್ನೂ ನಿರಾಕರಿಸಬಹುದು.

ಇನ್ನು ಹಣದ ವಿಷಯ. ಪ್ರಯಾಣದ ಬ್ಯಾಲೆನ್ಸ್ ಚಿಪ್ಪಿನಲ್ಲಿಯೇ ಬರೆದಿರುವುದರಿಂದ ಗೇಟು ಪ್ರತಿ ಬಾರಿ ಬ್ಯಾಂಕನ್ನು ಕೇಳಬೇಕಾಗಿಲ್ಲ. ನೆಲದಡಿಯ ಮೆಜೆಸ್ಟಿಕ್ ನಿಲ್ದಾಣದಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಅದು ತೆರೆಯುತ್ತದೆ. ಆದರೆ ಇದೇ ಕಾರಣಕ್ಕೆ, ಮನೆಯಲ್ಲಿ ಕುಳಿತು ಆನ್‌ಲೈನ್‌ನಲ್ಲಿ ರೀಚಾರ್ಜ್ ಮಾಡಿದ ಹಣ, ಕಾರ್ಡನ್ನು ನಿಲ್ದಾಣದ ಯಂತ್ರಕ್ಕೆ ತಾಗಿಸಿ ಬರೆಸುವವರೆಗೆ ಚಿಪ್ಪಿಗೆ ಸೇರುವುದಿಲ್ಲ. ನನಗೆ ಕಾರ್ಡು ಕೊಟ್ಟ ಬ್ಯಾಂಕಿನ ಸಂದೇಶ ‘ರೀಚಾರ್ಜ್ ಯಶಸ್ವಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ, ಅದರ ಸಹಾಯವಾಣಿಯವರು ಕಾಯಿರಿ ಎನ್ನುತ್ತಾರೆ. ವಿಷಯ ತಿಳಿಸಿದವರು ಕೌಂಟರಿನ ಸಿಬ್ಬಂದಿ: “ದುಡ್ಡು ಬಂದಿದೆ ಸಾರ್, ಕಾರ್ಡಿಗೆ ಇಳಿದಿಲ್ಲ ಅಷ್ಟೇ.” ಚಿಪ್ಪಿನಲ್ಲಿ ಗರಿಷ್ಠ ₹2,000 ಇಡಬಹುದಾದರೂ, ಪಿನ್ ಕೇಳದೆ ಖರ್ಚಾಗುವ ಈ ಹಣ ಕಾರ್ಡು ಕಳೆದರೆ ಮರಳುವುದಿಲ್ಲವಾದ್ದರಿಂದ ನಾನು ಅಷ್ಟು ತುಂಬಿಸುವುದಿಲ್ಲ.

ಒಂದೇ ಕಾರ್ಡು ಎಲ್ಲೆಡೆ ಎಂಬ ಭರವಸೆ ದೆಹಲಿ, ಚೆನ್ನೈ ಮೆಟ್ರೋಗಳ ಮಟ್ಟಿಗೆ ನಿಜ. ಆದರೆ ಬೆಂಗಳೂರಿನಲ್ಲಿ ನಿಲ್ದಾಣದ ಮೆಟ್ಟಿಲಿಳಿದ ಕೂಡಲೇ ಅದು ಜೇಬು ಸೇರುತ್ತದೆ. ನಾನು ಹತ್ತುವ ಬಸ್ಸಿನ ಕಂಡಕ್ಟರರಿಂದ ದರ್ಶಿನಿಯ ಗಲ್ಲೆಯವರೆಗೆ ಎಲ್ಲೆಡೆ ಯುಪಿಐ ಕ್ಯೂಆರ್ ಇದೆ. ಪಿನ್ ಇಲ್ಲದ ಟ್ಯಾಪ್ ಪಾವತಿಯ ಮಿತಿಯನ್ನು ರಿಸರ್ವ್ ಬ್ಯಾಂಕ್ 2021ರ ಜನವರಿಯಿಂದ ₹5,000ಕ್ಕೆ ಏರಿಸಿದರೂ ಚಿತ್ರ ಹೆಚ್ಚು ಬದಲಾಗಲಿಲ್ಲ: ಟ್ಯಾಪ್‌ಗೆ ಅಂಗಡಿಯವರು ಯಂತ್ರ ಇಟ್ಟುಕೊಳ್ಳಬೇಕು, ಕ್ಯೂಆರ್‌ಗೆ ಅಚ್ಚಾದ ಕಾಗದವೊಂದು ಸಾಕು. ಮೆಟ್ರೋದಲ್ಲಿಯೂ 2022ರ ನವೆಂಬರ್‌ನಿಂದ ಮೊಬೈಲ್ ಕ್ಯೂಆರ್ ಟಿಕೆಟ್ ಇದೆ. ಅಪರೂಪಕ್ಕೆ ಪ್ರಯಾಣಿಸುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಹಿರಿಯರು ಹಲವರು ಇಂದಿಗೂ ಟೋಕನ್ನನ್ನೇ ಕೇಳುತ್ತಾರೆ, ಅದರೊಳಗೂ ಇಂಥದೇ ಚಿಪ್ಪಿದೆ. ಕೊಟ್ಟ ದುಡ್ಡು ಕೈಯಲ್ಲಿ ಕಾಣುವುದು ಅವರಿಗೆ ಮುಖ್ಯವಿರಬೇಕು.

ನಿತ್ಯ ಓಡಾಡುವವರು ಕಾರ್ಡನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ಬ್ಯಾಂಕ್ ಕಾರ್ಡಿನಂತೆ ಇದಕ್ಕೂ ಅವಧಿಯಿದೆ. ನನ್ನದು ಮುಗಿದಾಗ ಮತ್ತೆ ಇದನ್ನೇ ಕೊಳ್ಳುತ್ತೇನೆ, ಆದರೆ ಬೇರೆ ಬ್ಯಾಂಕಿನಿಂದ.