ಮಂಡ್ಯ ಟು ಮೈಸೂರು ದಿನಾ ಓಡಾಡೋನ ಹೈಬ್ರಿಡ್ ಲೆಕ್ಕ

ಮಂಡ್ಯದಿಂದ ಮೈಸೂರಿಗೆ ದಿನಾ ಡ್ಯೂಟಿಗೆ ಹೋಗ್ತೀನಿ, ಹೋಗ್ತಾ ಬರ್ತಾ ಸೇರಿ 90 ಕಿಲೋಮೀಟರ್ ಮೇಲಾಗುತ್ತೆ. ಹಳೇ ಪೆಟ್ರೋಲ್ ಗಾಡಿ ಸಾಕಾಗೋಯ್ತು ಅಂದಾಗ ಎಲ್ರೂ ಎಲೆಕ್ಟ್ರಿಕ್ ತಗೋ ಎಲೆಕ್ಟ್ರಿಕ್ ತಗೋ ಅಂದ್ರು, ಆದ್ರೆ ನಾವಿರೋದು ಬಾಡಿಗೆ ಮನೆ, ಅದೂ ಮೇಲ್ಗಡೆ, ಗಾಡಿ ನಿಲ್ಸೋದು ರೋಡಲ್ಲಿ, ಕಿಟಕಿಯಿಂದ ವೈರ್ ಇಳಿಬಿಟ್ಟು ಚಾರ್ಜ್ ಹಾಕಕ್ಕಾಗುತ್ತಾ ಹೇಳಿ. ಹಂಗಾಗಿ ಹೈಬ್ರಿಡ್ ಎಸ್‌ಯುವಿ, ಅಂದ್ರೆ ಪೆಟ್ರೋಲ್ ಇಂಜಿನ್ನೂ ಕರೆಂಟ್ ಮೋಟರ್ರೂ ಎರಡೂ ಇರೋ ಗಾಡಿ.

ಈ ಸೈಜಲ್ಲಿ ನಾನು ನೋಡಿದ್ದು ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ. 2022ರಲ್ಲಿ ಬಂದಿದ್ದು, ಅಣ್ಣ ತಮ್ಮ ಇದ್ದಂಗೆ, ಮುಖ ಬೇರೆ ಒಳಗೆಲ್ಲಾ ಒಂದೇ, ಎರಡೂ ಶುರುವಾಗಿದ್ದು ನಮ್ ತಟ್ಟೆ ಇಡ್ಲಿ ಬಿಡದಿ ಫ್ಯಾಕ್ಟರಿಲೇ. ಅದ್ರಲ್ಲೊಂದು ತಗೊಂಡೆ, ಯಾವ್ದು ಅಂತ ಜಗಳ ಬೇಡ. ಒಂದು ಹುಷಾರು, ಇವೆರಡ್ರಲ್ಲೂ ಮೈಲ್ಡ್ ಹೈಬ್ರಿಡ್ ಅಂತಾನೂ ಒಂದು ಬರುತ್ತೆ, ಅದು ಬರೀ ಕರೆಂಟಲ್ಲಿ ಓಡಲ್ಲ, ಇಂಜಿನ್ನಿಗೆ ಚೂರು ಕೈ ಹಾಕುತ್ತೆ ಅಷ್ಟೆ. ನಾನು ಹೇಳ್ತಿರೋದು ಸ್ಟ್ರಾಂಗ್ ಹೈಬ್ರಿಡ್, ಸ್ವಲ್ಪ ದೂರ ಬರೀ ಕರೆಂಟಲ್ಲೂ ಓಡೋದು. 1.5 ಲೀಟರ್ ಮೂರು ಸಿಲಿಂಡರ್ ಪೆಟ್ರೋಲ್ ಇಂಜಿನ್ನು, ಜೊತೆಗೊಂದು ಮೋಟರ್, ಎರಡೂ ಸೇರಿ 116 ಪಿಎಸ್ ಪವರ್. ಬ್ಯಾಟರಿ ಒಂದು ಯೂನಿಟ್ಟೂ ಇಲ್ಲ, 0.76 ಅಷ್ಟೆ, ಬ್ರೇಕ್ ಒತ್ತಿದಾಗೆಲ್ಲಾ ತಾನೇ ತುಂಬ್ಕೊಳತ್ತೆ, ಪ್ಲಗ್ ಅನ್ನೋದೇ ಇಲ್ಲ.

ಈಗ ಮೈಲೇಜು. ಕಂಪನಿ ಲೆಕ್ಕ ಲೀಟರಿಗೆ 27.97 ಕಿಲೋಮೀಟರ್. ನಂಗೆ ತಮಾಷೆ ಅನ್ಸಿದ್ದೇನಂದ್ರೆ, ಈ ಗಾಡಿ ಎಕ್ಸ್‌ಪ್ರೆಸ್‌ವೇಗಿಂತ ಸರ್ವಿಸ್ ರೋಡಲ್ಲೇ ಖುಷಿಯಾಗಿರುತ್ತೆ! ಗಣಂಗೂರು ಟೋಲ್ ಉಳಿಸೋಕೆ ಸುಮಾರು ದಿನ ಕೆಳಗಡೆ ರೋಡಲ್ಲೇ ಹೋಗ್ತೀನಿ, ಮುಂದೆ ಕಬ್ಬಿನ ಟ್ರಾಕ್ಟರ್, ಅದರ ಹಿಂದೆ ಬಸ್ಸು, ನೂರು ಹಂಪು, ಹಳೇ ಗಾಡಿಲಿ ಈ ರೋಡಂದ್ರೆ ಪೆಟ್ರೋಲ್ ಚೆಲ್ಲಿದಂಗೆ, ಇದ್ರಲ್ಲಿ 24, 25 ಬರುತ್ತೆ. ಮೇಲೆ ಹೋಗಿ ನೂರರಲ್ಲಿ ಬಿಟ್ರೆ 19ಕ್ಕೆ ಇಳಿಯುತ್ತೆ, ಯಾಕಂದ್ರೆ ಆ ಸ್ಪೀಡಲ್ಲಿ ಹೆಚ್ಚು ಕಮ್ಮಿ ಇಂಜಿನ್ನೇ ಓಡ್ತಿರುತ್ತೆ, ಬ್ರೇಕೇ ಒತ್ತಲ್ಲ ಅಂದ್ಮೇಲೆ ಬ್ಯಾಟರಿಗೆ ವಾಪಸ್ ಬರೋದಾದ್ರೂ ಏನು.

ದಸರಾದಲ್ಲಿ ಲೈಟಿಂಗ್ ನೋಡಕ್ಕೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದ್ದೆ, ಸಯ್ಯಾಜಿರಾವ್ ರೋಡ್ ಕಡೆ ಗಾಡಿ ಇರುವೆ ಥರ ಹರಿತಿತ್ತು. ಇಂಜಿನ್ ನಿಂತ್ಕೊಂಡ್ತು, ಅಪ್ಪ "ಯಾಕ್ಲಾ, ಆಫಾಗೋಯ್ತಾ? ಇಳ್ದು ತಳ್ಬೇಕಾ?" ಅಂತ ಬಾಗ್ಲಿಗೇ ಕೈ ಹಾಕ್ಬಿಟ್ರು. ಇಲ್ಲ ಕಣಪ್ಪ, ಎಸಿ ನೋಡಿ ಬತ್ತಾ ಅದೆ ಅಂದೆ. ಎಸಿ ಕಂಪ್ರೆಸರ್ ಬ್ಯಾಟರಿಲಿ ಓಡೋದ್ರಿಂದ ಇಂಜಿನ್ ನಿಂತ್ರೂ ತಣ್ಣಗಿರುತ್ತೆ, ಬ್ಯಾಟರಿ ಇಳಿದಾಗ ಇಂಜಿನ್ ಒಂದು ಗಳಿಗೆ ಎದ್ದು ಮತ್ತೆ ಮಲಗುತ್ತೆ. ಈ ಸದ್ದಿಲ್ಲದಿರೋದ್ರಿಂದ ಒಂದು ತೊಂದ್ರೆ ಏನಂದ್ರೆ ನಮ್ ಬೀದಿ ನಾಯಿಗಳು ಏಳೋದೇ ಇಲ್ಲ, ಬೆಳಿಗ್ಗೆ ಬೆಳಿಗ್ಗೆ ಹಾರ್ನ್ ಹೊಡೆದು ಅಕ್ಕಪಕ್ಕದೋರ ಹತ್ರ ಬೈಸ್ಕೊಬೇಕು.

ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಪೂರ್ತಿ ಉಲ್ಟಾ. ಕಾಲು ಜೋರಾಗಿ ಒತ್ತಿದ್ರೆ ಇಂಜಿನ್ ಒಂದೇ ರಾಗದಲ್ಲಿ ಗೊಂಯ್ ಅನ್ನುತ್ತೆ, ಮಿಕ್ಸಿಗೆ ಚಟ್ನಿ ಹಾಕಿದಂಗೆ, ಸ್ಪೀಡ್ ಮಾತ್ರ ನಿಧಾನಕ್ಕೆ ಏರುತ್ತೆ. ಇಳಿಯುವಾಗ ಗೇರ್ ಲಿವರನ್ನ ಬಿ ಮೋಡಿಗೆ (ಬ್ರೇಕ್ ಒತ್ತದೇ ಗಾಡಿ ತಡೆಯೋ ಮೋಡ್) ಹಾಕಿದ್ರೆ ಗಾಡಿ ತಾನೇ ಹಿಡ್ಕೊಳ್ಳುತ್ತೆ, ಅರ್ಧ ಬೆಟ್ಟ ಇಳಿಯೋಷ್ಟ್ರಲ್ಲಿ ಬ್ಯಾಟರಿ ಫುಲ್ಲು. ತಾಯಿ ಪ್ರಸಾದ ಅನ್ಕೋಬೇಕು.

ದುಡ್ಡಿನ ವಿಚಾರ. ತಿಂಗಳಿಗೆ 2250 ಕಿಲೋಮೀಟರ್ ಓಡ್ಸ್ತೀನಿ, ಪೆಟ್ರೋಲ್ 102 ರೂಪಾಯಿ ಅಂತ ಹಿಡಿದ್ರೆ 14 ಕೊಡ್ತಿದ್ದ ಹಳೇ ಗಾಡಿಗೆ 16 ಸಾವಿರದ ಮೇಲೆ, ಇದಕ್ಕೆ 24ರ ಲೆಕ್ಕದಲ್ಲಿ ಒಂಬತ್ತೂವರೆ. ಆದ್ರೆ ಹಳೇದ್ರ ಜೊತೆ ಹೋಲಿಸೋದು ನಮಗೆ ನಾವೇ ಟೋಪಿ ಹಾಕ್ಕೊಂಡಂಗೆ. ಇದೇ ಸೈಜಿನ ಹೊಸ ಪೆಟ್ರೋಲ್ ಗಾಡಿ 17 ಕೊಡುತ್ತೆ ಅನ್ಕೊಂಡ್ರೆ ಉಳಿಯೋದು ತಿಂಗಳಿಗೆ 4 ಸಾವಿರದ ಹತ್ರ ಅಷ್ಟೆ. ಹೈಬ್ರಿಡ್ಡಿಗೆ ಜಾಸ್ತಿ ಕೊಟ್ಟಿದ್ದು ವಾಪಸ್ ಬರಕ್ಕೆ ವರ್ಷಗಳೇ ಬೇಕು, ನನ್ನಂಗೆ ದಿನಾ ಓಡ್ಸೋರಿಗೆ ಬರುತ್ತೆ, ಭಾನುವಾರ ಮಾತ್ರ ಮಾರ್ಕೆಟ್ಟಿಗೆ ಗಾಡಿ ತೆಗೆಯೋರಿಗೆ ಈ ಜನ್ಮದಲ್ಲಿ ಬರಲ್ಲ. ಉತ್ತರ ಪ್ರದೇಶದಲ್ಲಿ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್ಡಿಗೆ ರಿಜಿಸ್ಟ್ರೇಷನ್ ಟ್ಯಾಕ್ಸೇ ಮನ್ನಾ ಮಾಡಿದ್ರು, ನಾನಿಲ್ಲಿ ಲೈಫ್ ಟ್ಯಾಕ್ಸ್ 17 ಪರ್ಸೆಂಟ್ ಕಟ್ಟಿ ಬಂದೆ. ಅದ್ರ ಮೇಲೆ ಶೋರೂಮ್‌ನೋರು ಬೇಡ ಅಂದ್ರೂ ಮಡ್ ಫ್ಲಾಪು ಮ್ಯಾಟು ಅಂತ ಬಿಲ್ಲಿಗೆ ಸೇರಿಸಿದ್ರು, ಗಲಾಟೆ ಮಾಡಿ ತೆಗೆಸ್ದೆ. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರೋದ್ರಿಂದ ಆ ಭಯ ಸದ್ಯಕ್ಕಿಲ್ಲ.

ಡಿಕ್ಕಿ ಮಾತ್ರ ನೋಡ್ಕೊಂಡೇ ಬುಕ್ ಮಾಡಿ. ಕೆಳಗೆ ಬ್ಯಾಟರಿ ಕೂತಿರೋದ್ರಿಂದ 265 ಲೀಟರ್, ಮೈಲ್ಡ್‌ನಲ್ಲಿ 373 ಇದೆ. ಊರಿಂದ ಅಕ್ಕಿ ಮೂಟೆ, ತೆಂಗಿನಕಾಯಿ, ಬೆಲ್ಲ ಹಾಕಿದ್ರೆ ಬ್ಯಾಗುಗಳೆಲ್ಲಾ ಹಿಂದಿನ ಸೀಟಿಗೆ, ಅಮ್ಮನ ತೊಡೆ ಮೇಲೆ. ಹೋದ್ಸಲ ಅಪ್ಪ ಡಿಕ್ಕಿ ತೆಗೆದು ನೋಡಿ, "ಇಷ್ಟ್ ದೊಡ್ ಗಾಡಿಗೆ ಇಷ್ಟೇನಾ ಹೊಟ್ಟೆ?" ಅಂದು, ಇನ್ನೊಂದು ಮೂಟೆನ ವಾಪಸ್ ಜಗಲಿ ಮೇಲೆ ಇಟ್ರು.