ತ್ರಿಭುಜದ ಲೆಕ್ಕಕ್ಕೆ ದುಡ್ಡು ಸುರಿಯಬೇಡಿ, ಎಸ್‌ಎಟಿ ಕ್ವೆಶ್ಚನ್ ಬ್ಯಾಂಕ್ ಸಾಕು

ಅಮೆರಿಕದ ಕಾಲೇಜಿಗೆ ಅಂತ ಎಸ್‌ಎಟಿ ಬರೆಯುವ ಮಕ್ಕಳು ಮನೆಯಲ್ಲಿದ್ದರೆ ಇದು ನಿಮಗೆ. ನನ್ನ ಮಗಳಿಗೆ ಜ್ಯಾಮಿತಿ ಅಂದರೆ ಆಗಲ್ಲ. ಹಾಗಾಗಿ ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರ ಕ್ವೆಶ್ಚನ್ ಬ್ಯಾಂಕ್‌ನಲ್ಲಿ ತ್ರಿಭುಜಗಳನ್ನಷ್ಟೇ ಹಿಡಿದು ಕೂತೆವು. ಪೂರ್ತಿ ಉಚಿತ. ವಿಷಯ, ಕಷ್ಟದ ಮಟ್ಟ ಆರಿಸಿದರೆ ಪ್ರಶ್ನೆಗಳು ಬರುತ್ತವೆ, ಪಿಡಿಎಫ್ ಮಾಡಿಕೊಳ್ಳಬಹುದು. ತ್ರಿಭುಜ ಮುಖ್ಯವಾಗಿ ಎರಡು ಕಡೆ ಇದೆ: ರೇಖೆ-ಕೋನ-ತ್ರಿಭುಜ ಒಂದು, ಲಂಬಕೋನ ತ್ರಿಭುಜ ಮತ್ತು ತ್ರಿಕೋನಮಿತಿ ಇನ್ನೊಂದು. ಎರಡನ್ನೂ ಟಿಕ್ ಮಾಡಿ.

ಗಣಿತದಲ್ಲಿ ಒಟ್ಟು 44 ಪ್ರಶ್ನೆ, 70 ನಿಮಿಷ. ಅದರಲ್ಲಿ ಜ್ಯಾಮಿತಿ, ತ್ರಿಕೋನಮಿತಿ ಸೇರಿ 5ರಿಂದ 7 ಅಷ್ಟೇ. ಇಷ್ಟಕ್ಕೆ ಒಂದು ಕೋಚಿಂಗ್‌ನವರು ಸೂತ್ರಗಳ ದಪ್ಪ ಪುಸ್ತಕ ಮಾರಲು ನೋಡಿದರು. ಯಾಕ್ರೀ ಬೇಕು? ಪೈಥಾಗೊರಸ್, 30-60-90, 45-45-90 ಡಿಗ್ರಿ ತ್ರಿಭುಜಗಳು, ಎಲ್ಲವೂ ಪರೀಕ್ಷೆ ಬರೆಯುವ ಬ್ಲೂಬುಕ್ ಆ್ಯಪ್‌ನ ರೆಫರೆನ್ಸ್ ಶೀಟ್‌ನಲ್ಲೇ ಇದೆ, ಪರೀಕ್ಷೆಯ ದಿನವೂ ತೆರೆದು ನೋಡಬಹುದು. ಡೆಸ್ಮಾಸ್ ಕ್ಯಾಲ್ಕುಲೇಟರ್ ಕೂಡ ಒಳಗೇ ಇದೆ. ಆದರೆ ಬೀಜಗಣಿತದಲ್ಲಿ ಕೈಹಿಡಿಯುವ ಡೆಸ್ಮಾಸ್ ಇಲ್ಲಿ ಅಷ್ಟಕ್ಕಷ್ಟೇ, ಯಾವ ಬಾಹುವಿಗೆ ಯಾವುದು ಜೋಡಿ ಅಂತ ಅದು ಹೇಳುವುದಿಲ್ಲ.

ಪೆಟ್ಟು ಬೀಳುವುದೇ ಅಲ್ಲಿ. ಇಂಥದ್ದೊಂದು ಲೆಕ್ಕ ನೋಡಿ: ತ್ರಿಭುಜದ ಪಾದಕ್ಕೆ ಸಮಾಂತರವಾಗಿ ಒಳಗೆ ಒಂದು ಗೆರೆ. ಅದು ಎಡ ಬಾಹುವನ್ನು ಮೇಲಿನಿಂದ 4 ಮತ್ತು 6 ಆಗಿ ಕತ್ತರಿಸುತ್ತದೆ. ಗೆರೆಯ ಉದ್ದ 6. ಪಾದ ಎಷ್ಟು? ನಮ್ಮ ಹತ್ತನೇ ಕ್ಲಾಸಿನಲ್ಲಿ ಥೇಲ್ಸ್ ಪ್ರಮೇಯ ಉರು ಹೊಡೆದ ಮಕ್ಕಳು ತಕ್ಷಣ 4ಕ್ಕೆ 6, ಹಾಗಾದರೆ 6ಕ್ಕೆ 9 ಅಂತಾರೆ. ತಪ್ಪು. ಆ ಅನುಪಾತ ಬಾಹುಗಳ ತುಂಡುಗಳಿಗೆ ಮಾತ್ರ. ಗೆರೆಗೂ ಪಾದಕ್ಕೂ ಹೋಲಿಸುವಾಗ ಸಣ್ಣ ತ್ರಿಭುಜ, ಇಡೀ ತ್ರಿಭುಜ ಅಂತ ನೋಡಬೇಕು. 4ಕ್ಕೆ 10 (4+6), ಹಾಗಾಗಿ 6ಕ್ಕೆ 15. ಆಯ್ಕೆಗಳಿದ್ದರೆ 9 ಖಂಡಿತ ಅಲ್ಲೊಂದು ಕಡೆ ಕೂತಿರುತ್ತದೆ.

ಈ ಬ್ಯಾಂಕ್‌ನಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದೂ ಇದಕ್ಕೇ. ಸರಿಯುತ್ತರ ಹೇಳಿ ಸುಮ್ಮನಾಗುವುದಿಲ್ಲ, ಒಂದೊಂದು ತಪ್ಪು ಆಯ್ಕೆಗೆ ಮಕ್ಕಳು ಹೇಗೆ ಬರುತ್ತಾರೆ ಅಂತಲೂ ಬರೆದಿರುತ್ತಾರೆ. ಮಗಳು ತಪ್ಪಿದಾಗ ಮೊದಲು ಅದನ್ನೇ ಓದಿಸಿದೆ. ಸೈನ್, ಕೊಸೈನ್ ಲೆಕ್ಕಗಳಲ್ಲೂ ಹೀಗೇ, ಸಮರೂಪ ತ್ರಿಭುಜ ಎಷ್ಟೇ ದೊಡ್ಡದಾದರೂ ಅನುರೂಪ ಕೋನದ ಸೈನ್ ಬದಲಾಗಲ್ಲ ಅನ್ನೋದು ತಲೆಗೆ ಹೋಗಲು ಸೂತ್ರಕ್ಕಿಂತ ಈ ವಿವರಣೆಗಳೇ ಸಹಾಯ ಮಾಡಿದವು.

ಬೈಯೋದೂ ಇದೆ. ಆ ವಿವರಣೆಗಳು ಉದ್ದುದ್ದ ಪ್ಯಾರಾಗಳು, ಚಿತ್ರ ಬಿಡಿಸಿದ್ದರೆ ಎರಡೇ ಸಾಲಿನಲ್ಲಿ ಮುಗಿಯುತ್ತಿತ್ತು ಅಲ್ವಾ? ಪ್ರಶ್ನೆಗಳಿಗೂ ಎಷ್ಟೋ ಸಲ ಚಿತ್ರ ಇರಲ್ಲ, ಮಾತಿನಲ್ಲೇ ತ್ರಿಭುಜ ಕಟ್ಟಿರುತ್ತಾರೆ. ಚಿತ್ರ ಇದ್ದರೂ ಅದು ಅಳತೆಗೆ ತಕ್ಕಂತೆ ಬರೆದದ್ದಲ್ಲ ಅನ್ನುವ ಸೂಚನೆ ಕೆಳಗಿರಬಹುದು, ಕಣ್ಣಳತೆ ನಂಬಬೇಡಿ. ಕಾಗದದ ಮೇಲೆ ಬರೆದು, ಅನುರೂಪ ಕೋನಗಳಿಗೆ ಗುರುತು ಹಾಕೋದು ಅಭ್ಯಾಸ ಆಗಲೇಬೇಕು.

5ಕ್ಕೆ 4 ಕೊಡ್ತೀನಿ. ಅಂದ ಹಾಗೆ, ಬ್ಲೂಬುಕ್‌ನ ಪೂರ್ಣ ಅಭ್ಯಾಸ ಪರೀಕ್ಷೆಗಳಲ್ಲಿರುವ ಪ್ರಶ್ನೆಗಳನ್ನು ಪಟ್ಟಿಯಿಂದ ತೆಗೆಯುವ ಆಯ್ಕೆ ಈ ಕ್ವೆಶ್ಚನ್ ಬ್ಯಾಂಕ್‌ನಲ್ಲಿದೆ, ಮೊದಲೇ ಅದನ್ನು ಒತ್ತಿಬಿಡಿ. ಇಲ್ಲದಿದ್ದರೆ ಅವೇ ಪ್ರಶ್ನೆಗಳು ಮತ್ತೆ ಸಿಕ್ಕಿ, ಆ ಪರೀಕ್ಷೆಗಳಲ್ಲಿ ಬರುವ ಅಂಕಕ್ಕೆ ಅರ್ಥವೇ ಇರಲ್ಲ.