ಕಟ್ಟಡದ ನಿವೇಶನಕ್ಕೆ ಸ್ವಿಮ್ 5: ಲೆಕ್ಕ ಗಟ್ಟಿ, ಡಿಫಾಲ್ಟ್‌ಗಳಲ್ಲಿ ಅಪಾಯ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಉಚಿತವಾಗಿ ಕೊಡುವ ಎಸ್‌ಡಬ್ಲ್ಯೂಎಂಎಂ, ಎಂಜಿನಿಯರುಗಳ ಬಾಯಲ್ಲಿ ಸ್ವಿಮ್, ಮಳೆನೀರಿನ ಹರಿವನ್ನು ಲೆಕ್ಕ ಹಾಕುವ, 1971ರಿಂದ ಬಳಕೆಯಲ್ಲಿರುವ ತಂತ್ರಾಂಶ. ಇಡೀ ಊರಿನ ಚರಂಡಿ ಜಾಲವನ್ನು ಲೆಕ್ಕ ಹಾಕಬಲ್ಲ ಇದನ್ನು ಒಂದೇ ಕಟ್ಟಡದ ನಿವೇಶನಕ್ಕೂ ಬಳಸಬಹುದು. ಬೇಸ್‌ಮೆಂಟ್ ಇದ್ದರಂತೂ ಬಳಸಲೇಬೇಕು. ಆದರೆ ಅದು ತಾನಾಗಿ ತುಂಬಿಡುವ ಡಿಫಾಲ್ಟ್ ಅಂಕಿಗಳಲ್ಲಿ ಒಂದನ್ನೂ ಪರೀಕ್ಷಿಸದೆ ಬಿಡಬಾರದು.

ಬರಿಯ ಪೈಪಿನ ಗಾತ್ರ ಬೇಕಿದ್ದರೆ ರ‍್ಯಾಷನಲ್ ಸೂತ್ರ ಸಾಕು: 4,000 ಚದರ ಮೀಟರ್ ನಿವೇಶನ, ಗಂಟೆಗೆ 75 ಮಿ.ಮೀ. ಮಳೆ, ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲಿನ ಗುಣಾಂಕ 0.9, ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 75 ಲೀಟರ್. ಹೊರಬಿಡುವ ನೀರಿಗೆ ಮಿತಿ ಇದ್ದು ತೊಟ್ಟಿ ಕಟ್ಟಬೇಕಾದಾಗ ಆ ಒಂದು ಅಂಕಿ ಏನನ್ನೂ ಹೇಳುವುದಿಲ್ಲ. ತೊಟ್ಟಿ ಎಷ್ಟು ತುಂಬಿತು, ಮುಂದಿನ ಮಳೆಗೆ ಮೊದಲು ಖಾಲಿಯಾಯಿತೇ ಎಂಬುದು ಸ್ವಿಮ್‌ನಲ್ಲಿ ನಿಮಿಷ ನಿಮಿಷಕ್ಕೂ ಕಾಣುತ್ತದೆ.

ಹೊಸ ಉಪಜಲಾನಯನ (ಮಳೆನೀರು ಹರಿಯುವ ಒಂದು ತುಂಡು ನೆಲ) ಬಿಡಿಸಿದರೆ, ಮೆಟ್ರಿಕ್‌ನಲ್ಲಿ ವಿಸ್ತೀರ್ಣ 5 ಹೆಕ್ಟೇರ್, ಅಗಲ 500 ಮೀಟರ್ ಎಂದು ಕೂತಿರುತ್ತದೆ. ನಕ್ಷೆಯಿಂದಲೇ ಅಳತೆ ತೆಗೆಯುವ ಆಟೋ ಲೆಂಗ್ತ್ ಆನ್ ಮಾಡದಿದ್ದರೆ ನಕ್ಷೆಯಲ್ಲಿ ಎಷ್ಟೇ ಚಿಕ್ಕದಾಗಿ ಬಿಡಿಸಿದರೂ ಈ 5 ಬದಲಾಗದು. ಅಗಲ ಎಂದರೆ ವಿಸ್ತೀರ್ಣವನ್ನು ನೀರು ನೆಲದ ಮೇಲೆ ಹರಿಯುವ ದೂರದಿಂದ ಭಾಗಿಸಿದ್ದು. 4,000 ಚದರ ಮೀಟರಿಗೆ 40 ಮೀಟರ್ ಹರಿವಿದ್ದರೆ 100 ಮೀಟರ್. 500 ಹಾಗೇ ಬಿಟ್ಟರೆ ನೀರು 8 ಮೀಟರಷ್ಟೇ ಹರಿದಂತಾಗಿ ಗರಿಷ್ಠ ಹರಿವು ಬೇಗ, ಹೆಚ್ಚಾಗಿ ಬರುತ್ತದೆ. ಪೈಪಿನ ಒಳಮೈಯ ಒರಟುತನ ಹೇಳುವ ಮ್ಯಾನಿಂಗ್ ಅಂಕಿ ಡಿಫಾಲ್ಟ್ ಆಗಿ 0.01. ಕಾಂಕ್ರೀಟಿಗೆ ಸಾಮಾನ್ಯವಾಗಿ ಹಾಕುವ 0.013ಕ್ಕೆ ಬದಲಿಸಿದ ಕೂಡಲೇ ಪೈಪಿನ ಸಾಮರ್ಥ್ಯ ಸುಮಾರು 23% ಇಳಿಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ತೊಟ್ಟಿಯ ಡಿಫಾಲ್ಟ್. ಆಳಕ್ಕೆ ತಕ್ಕಂತೆ ತೊಟ್ಟಿಯ ವಿಸ್ತೀರ್ಣ ಹೇಳುವ ಫಂಕ್ಷನಲ್ ಕರ್ವ್‌ನಲ್ಲಿ 1,000 ಎಂಬ ಗುಣಾಂಕ ಇರುತ್ತದೆ. ಮೆಟ್ರಿಕ್‌ನಲ್ಲಿ ಅದು 1,000 ಚದರ ಮೀಟರ್ ತಳದ ತೊಟ್ಟಿ. ಹಾಗೇ ಓಡಿಸಿದರೆ ಎಂಥ ಮಳೆಯೂ ಆರಾಮಾಗಿ ಹಿಡಿಸುತ್ತದೆ, ವರದಿಯೂ ಸೊಗಸಾಗಿ ಬರುತ್ತದೆ. ಪ್ಲಾಸ್ಟಿಕ್ ಕ್ರೇಟುಗಳ ತೊಟ್ಟಿಯಾದರೆ ಟೊಳ್ಳಿನ ಪಾಲನ್ನು ನಾವೇ ಗುಣಿಸಿ ಕೊಡಬೇಕು: ತಳ 60 ಚದರ ಮೀಟರ್, ಟೊಳ್ಳು 95% ಇದ್ದರೆ ಸ್ಥಿರಾಂಕದ ಜಾಗದಲ್ಲಿ 57, ಉಳಿದೆರಡರಲ್ಲಿ (ಗುಣಾಂಕ, ಘಾತ) ಸೊನ್ನೆ.

ಬೇಸ್‌ಮೆಂಟ್ ಮುಳುಗುವುದು ಹೊರಬಾಯಿಯ ತಪ್ಪಿನಿಂದ. ಔಟ್‌ಫಾಲ್ ಡಿಫಾಲ್ಟ್ ಆಗಿ 'ಫ್ರೀ', ಅಂದರೆ ನೀರು ತಡೆಯಿಲ್ಲದೆ ಬೀಳುತ್ತದೆ. ದೊಡ್ಡ ಮಳೆಯಲ್ಲಿ ಸಾರ್ವಜನಿಕ ಚರಂಡಿಯೂ ತುಂಬಿಯೇ ಇರುತ್ತದಲ್ಲ! 100 ಮಿ.ಮೀ. ವ್ಯಾಸದ ಆರಿಫೈಸ್ (ತೊಟ್ಟಿಯ ನೀರು ಹೊರಬಿಡುವ ರಂಧ್ರ), ಗುಣಾಂಕ 0.65, ಅದರ ಮಧ್ಯಬಿಂದುವಿನ ಮೇಲೆ 1 ಮೀಟರ್ ನೀರು ಇದ್ದಾಗ ಸೆಕೆಂಡಿಗೆ 22.6 ಲೀಟರ್ ಹೊರಹೋಗುತ್ತದೆ. ಹೊರಗಿನ ಮಟ್ಟ ಏರಿ ವ್ಯತ್ಯಾಸ 0.4 ಮೀಟರಿಗೆ ಇಳಿದರೆ 14.3 ಲೀಟರ್ ಅಷ್ಟೇ. ಉಳಿದದ್ದು ತೊಟ್ಟಿಯಲ್ಲಿ ಏರಿ, ಅದಕ್ಕೆ ಸೇರುವ ಬೇಸ್‌ಮೆಂಟ್ ರ‍್ಯಾಂಪಿನ ಚರಂಡಿಯಲ್ಲಿ ಮೇಲೆ ಬರುತ್ತದೆ. ಆದ್ದರಿಂದ ಔಟ್‌ಫಾಲನ್ನು 'ಫಿಕ್ಸ್ಡ್' ಮಾಡಿ ಚರಂಡಿಯ ಪೂರ್ಣ ಮಟ್ಟ ಕೊಡಿ, ರೂಟಿಂಗ್‌ನಲ್ಲಿ (ಪೈಪುಗಳಲ್ಲಿ ನೀರು ಸಾಗುವ ಲೆಕ್ಕ) ಡೈನಮಿಕ್ ವೇವ್ ಆರಿಸಿ. ಕೈನೆಮ್ಯಾಟಿಕ್ ವೇವ್‌ಗೆ ಹಿನ್ನೀರು ಕಾಣುವುದೇ ಇಲ್ಲ. ಕಟ್ಟಡದ ನಕ್ಷೆಯಲ್ಲಿ ಹಿನ್ನೀರು ತಡೆಯುವ ನಿಜವಾದ ಫ್ಲ್ಯಾಪ್ ವಾಲ್ವ್ ಇದ್ದರೆ ಮಾತ್ರ ಟೈಡ್ ಗೇಟಿಗೆ 'ಯೆಸ್' ಕೊಡಿ.

ಇನ್ನೊಂದು ಮೋಸ: ಉಕ್ಕಿದ ನೀರನ್ನು ಅಲ್ಲೇ ನಿಲ್ಲಲು ಬಿಡುವ 'ಅಲೋ ಪಾಂಡಿಂಗ್' ಆಫ್ ಇದ್ದಾಗ ಮ್ಯಾನ್‌ಹೋಲಿನಿಂದ ಉಕ್ಕಿದ ನೀರು ಮಾದರಿಯಿಂದಲೇ ಕಳೆದುಹೋಗುತ್ತದೆ, ಕೆಳಗಿನ ಪೈಪುಗಳು ಸುಳ್ಳು ಸುಳ್ಳೇ ಹಗುರಾಗಿ ಕಾಣುತ್ತವೆ. ಎಲ್ಲೆಲ್ಲಿ ನೀರು ಉಕ್ಕಿತೆಂದು ಹೇಳುವ, ವರದಿಯ ನೋಡ್ ಫ್ಲಡಿಂಗ್ ಕೋಷ್ಟಕವನ್ನು ಮೊದಲು ಓದಿ.

ಹಸಿರು ಛಾವಣಿ, ಇಂಗುಗುಂಡಿ, ನೀರು ಬಸಿಯುವ ನೆಲಹಾಸುಗಳಿಗೆ ಎಲ್‌ಐಡಿ (ಮಳೆನೀರನ್ನು ಬಿದ್ದಲ್ಲೇ ಹಿಡಿಯುವ ವ್ಯವಸ್ಥೆಗಳು) ಭಾಗ ಚೆನ್ನಾಗಿದೆ, ಮಣ್ಣಿನ ಅಂಕಿಗಳು ಸ್ಥಳಪರೀಕ್ಷೆಯಿಂದ ಬಂದಿದ್ದರೆ. ರಸ್ತೆ ಮತ್ತು ಜಾಲರಿಗಳ ಒಳಹರಿವಿನ ಲೆಕ್ಕ 5.2ನೇ ಆವೃತ್ತಿಯಲ್ಲಿ ಸೇರಿದೆ. ಅದನ್ನು ಬಳಸದಿದ್ದರೆ ಬಿದ್ದ ನೀರೆಲ್ಲ ಚೇಂಬರಿಗೆ ಇಳಿಯಿತು ಎಂದೇ ತಂತ್ರಾಂಶ ನಂಬುತ್ತದೆ. ಛಾವಣಿಯ ಇಳಿಪೈಪುಗಳ ಲೆಕ್ಕವನ್ನಂತೂ ಬೇರೆಯಾಗಿಯೇ ಮಾಡಬೇಕು.

ಪರದೆ ಹಳೆಯ ಕಾಲದ್ದು, ಅನ್‌ಡು ಇಲ್ಲ. ಇನ್‌ಪುಟ್ ಫೈಲ್ ಸರಳ ಪಠ್ಯವಾಗಿರುವುದು ಇದಕ್ಕೆ ಒಳ್ಳೆಯ ಪರಿಹಾರ: ಪ್ರತಿ ಬದಲಾವಣೆಗೂ ಫೈಲಿನ ಒಂದು ನಕಲು ಉಳಿಸಿ, ಎರಡನ್ನು ಹೋಲಿಸಿದರೆ ಯಾವ ಅಂಕಿ ಬದಲಾಯಿತೆಂದು ತಕ್ಷಣ ಸಿಗುತ್ತದೆ. ಕಂಟಿನ್ಯುಯಿಟಿ ದೋಷ, ಅಂದರೆ ಒಳಬಂದ ನೀರಿನ ಲೆಕ್ಕ ಹೊರಹೋದ ಮತ್ತು ಉಳಿದ ನೀರಿಗೆ ತಾಳೆಯಾಗದ ಪಾಲು, 10% ಮೀರಿದರೆ ಫಲಿತಾಂಶವನ್ನು ನಂಬುವಂತಿಲ್ಲ. ಇಷ್ಟು ಚಿಕ್ಕ ನಿವೇಶನದಲ್ಲಿ 1% ದಾಟಿದರೂ ರೂಟಿಂಗ್ ಸ್ಟೆಪ್ಪನ್ನು (ಲೆಕ್ಕದ ಒಂದೊಂದು ಹೆಜ್ಜೆಯ ಅವಧಿ) 1 ಸೆಕೆಂಡಿಗೆ ಇಳಿಸಿ ಮತ್ತೆ ಓಡಿಸುವುದು ಲೇಸು. ಆಗಲೂ ದೋಷ ಉಳಿದರೆ ತೀರಾ ಗಿಡ್ಡ ಪೈಪುಗಳನ್ನು ಹುಡುಕಿ.